ಗುಪ್ತಪತ್ರಿಕೆಗಳ ಸಂಗ್ರಹವೂ ಕೊಪ್ಪಳ ಸೀಮೆಯ ಚರಿತ್ರೆಯೂ

೧

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಧರ್ಮಲಿಪಿಗಳಿವೆ. ಅವನ್ನು ಕೆತ್ತಿದ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿದ ಕಾಲವು ಕಳೆದಿದ್ದರೂ ಅಕ್ಷರಗಳನ್ನು ಇಂದಿಗೂ ಗುರುತಿಸಬಹುದು. ಅದೇ ಸೀಮೆಯ ಜನರು ೧೯೪೭-೪೮ನೆಯ ಇಸವಿಗಳಲ್ಲಿ ಸರಕಾರದ ಕಣ್ಣು ತಪ್ಪಿಸಿ ಓದಿದ ಪತ್ರಿಕೆಗಳಿಗೆ ಇನ್ನೂ ಎಂಬತ್ತು ವರ್ಷಗಳು ತುಂಬಿಲ್ಲ. ಆದರೂ ಅವುಗಳಲ್ಲಿ ಒಂದು ಹಾಳೆಯನ್ನು ಕಣ್ಣಾರೆ ಕಾಣಬೇಕಾದರೆ ಸಂಶೋಧಕನು ಊರೂರು ತಿರುಗಬೇಕಾಗುತ್ತದೆ. ಆಳುವವನ ಮಾತು ಕಲ್ಲನ್ನೂ ತಾಮ್ರವನ್ನೂ ಆಶ್ರಯಿಸಿತು. ಅವನನ್ನು ಎದುರಿಸಿದವರ ಮಾತಿಗೆ ಅಗ್ಗದ ಕಾಗದವೇ ಗತಿಯಾಯಿತು. ಹೀಗಿರುವಲ್ಲಿ, ಉಳಿದು ಬಂದುದನ್ನಷ್ಟೇ ನೆಚ್ಚಿ ಚರಿತ್ರೆಯನ್ನು ಬರೆಯುವವನು ತನಗರಿಯದಂತೆಯೇ ವ್ಯಾಜ್ಯದ ಒಂದು ಪಕ್ಷವನ್ನು ಮಾತ್ರ ಕೇಳಿ ತೀರ್ಪು ಕೊಟ್ಟವನಾಗುವನು.

ಕನ್ನಡ ವಿದ್ವಾಂಸರು ಓಲೆಯ ಗ್ರಂಥಗಳನ್ನು ಸಂಗ್ರಹಿಸುವುದರಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ದುಡಿದಿದ್ದಾರೆ. ಶಾಸನಗಳ ಸಂಗ್ರಹವೂ ಹಾಗೆಯೇ ನಡೆದಿದೆ. ಆದರೆ ನಿಷಿದ್ಧವಾದ ಅಥವಾ ನಿಷೇಧಕ್ಕೆ ಅಂಜದೆ ಹೊರಟ ಪತ್ರಿಕೆಗಳನ್ನು ಶಾಸ್ತ್ರೀಯವಾಗಿ ಕೂಡಿಡತಕ್ಕ ಕಾರ್ಯವು ಅಷ್ಟು ಆದರವನ್ನು ಪಡೆದಿಲ್ಲ. ಇಂತಹ ಪತ್ರಿಕೆಗಳ ಲಕ್ಷಣವೇನು, ಅವು ಎಲ್ಲಿಯಾದರೂ ಉಳಿದಿದ್ದರೆ ಯಾವ ಕಾರಣದಿಂದ ಉಳಿದವು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಚರಿತ್ರೆಗೆ ಅವುಗಳಿಂದಾಗುವ ಪ್ರಯೋಜನವೇನು ಎಂಬ ಮೂರು ವಿಷಯಗಳನ್ನು ಇಲ್ಲಿ ವಿಚಾರಿಸಲಾಗಿದೆ.

೨

ಮೊದಲು ಲಕ್ಷಣ. 'ಭೂಗತ ಪತ್ರಿಕೆ' ಎಂಬ ಮಾತು ಈಗ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಕಾಯಿದೆಯಿಂದ ನಿಷಿದ್ಧವಾಗಿ, ಮುದ್ರಕನ ಹೆಸರನ್ನೂ ಸ್ಥಳವನ್ನೂ ಮುಚ್ಚಿಟ್ಟು, ರಹಸ್ಯವಾಗಿ ಹಂಚಲ್ಪಡುವ ಪತ್ರಿಕೆಯು ಒಂದು ಬಗೆ. ಬಹಿರಂಗವಾಗಿಯೇ ಮಾರಾಟವಾದರೂ, ಪ್ರತಿಷ್ಠಿತ ಪತ್ರಿಕೆಗಳು ಆಡದ ಮಾತನ್ನು ಆಡುವುದಕ್ಕಾಗಿಯೇ ಹುಟ್ಟಿದ ಪತ್ರಿಕೆಯು ಇನ್ನೊಂದು ಬಗೆ. ಮೊದಲನೆಯದನ್ನು ಗುಪ್ತಪತ್ರಿಕೆಯೆಂದೂ ಎರಡನೆಯದನ್ನು ಪ್ರತಿರೋಧಪತ್ರಿಕೆಯೆಂದೂ ಕರೆದರೆ ಗೊಂದಲವು ತಪ್ಪುತ್ತದೆ.

ಈ ವಿಭಾಗವು ಅವಶ್ಯವೆಂಬುದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನವೇ ಸಾಕ್ಷಿ. ಅಲ್ಲಿ ೧೯೬೪ರಲ್ಲಿ 'ಲಾಸ್ ಏಂಜಲೀಸ್ ಫ್ರೀ ಪ್ರೆಸ್', ೧೯೬೫ರಲ್ಲಿ 'ಬರ್ಕ್ಲಿ ಬಾರ್ಬ್', ನ್ಯೂಯಾರ್ಕಿನ 'ಈಸ್ಟ್ ವಿಲೇಜ್ ಅದರ್', ಡೆಟ್ರಾಯಿಟಿನ 'ಫಿಫ್ತ್ ಎಸ್ಟೇಟ್', ೧೯೬೬ರಲ್ಲಿ 'ಸಾನ್‌ಫ್ರಾನ್ಸಿಸ್ಕೊ ಓರಕಲ್' ಎಂಬ ಪತ್ರಿಕೆಗಳು ಹೊರಟವು. ವಿಯೆಟ್ನಾಂ ಯುದ್ಧವನ್ನು ಖಂಡಿಸುವುದು, ಕಪ್ಪುಜನರ ಹಕ್ಕುಗಳನ್ನು ಎತ್ತಿಹಿಡಿಯುವುದು, ಉಡುಪು, ಸಂಗೀತ, ಸಂಸಾರ ಇವುಗಳಲ್ಲಿ ಹಿರಿಯರ ಕಟ್ಟಳೆಯನ್ನು ಮೀರುವುದು ಇವೇ ಅವುಗಳ ವಸ್ತು. ಮೊಳೆ ಜೋಡಿಸುವ ಹಳೆಯ ಪದ್ಧತಿಯನ್ನು ಬಿಟ್ಟು ಆಫ್‌ಸೆಟ್ ಮುದ್ರಣವನ್ನು ಅವಲಂಬಿಸಿದುದರಿಂದ ಸ್ವಲ್ಪ ಹಣವುಳ್ಳ ಕೆಲವು ಮಂದಿ ತರುಣರು ಕೂಡಿ ಒಂದು ಪತ್ರಿಕೆಯನ್ನು ಹೊರಡಿಸುವುದು ಸಾಧ್ಯವಾಯಿತು. ೧೯೬೬ರಲ್ಲಿ ಇಂತಹ ಐದು ಪತ್ರಿಕೆಗಳು ಕೂಡಿ 'ಅಂಡರ್‌ಗ್ರೌಂಡ್ ಪ್ರೆಸ್ ಸಿಂಡಿಕೇಟ್' ಎಂಬ ಸಂಘವನ್ನು ಕಟ್ಟಿದವು. ಒಂದರಲ್ಲಿ ಬಂದ ಲೇಖನವನ್ನು ಇನ್ನೊಂದು ಹಣ ಕೊಡದೆ ಮರುಮುದ್ರಿಸಬಹುದೆಂಬುದು ಆ ಸಂಘದ ಮುಖ್ಯ ನಿಯಮವಾಗಿತ್ತು. 'ಭೂಗತ' ಎಂದು ಹೆಸರಿಟ್ಟುಕೊಂಡರೂ ಅವು ಬೀದಿಯಲ್ಲಿಯೇ ಮಾರಾಟವಾದವು. ಪೊಲೀಸರ ಕಾಟ, ಅಶ್ಲೀಲತೆಯ ಮೊಕದ್ದಮೆ, ಮುದ್ರಕರನ್ನು ಹೆದರಿಸುವುದು ಇವೆಲ್ಲವೂ ಇದ್ದುದು ನಿಜ. ಆದರೆ ಪತ್ರಿಕೆಯನ್ನು ಇಟ್ಟುಕೊಂಡವನಿಗೇ ಸೆರೆಮನೆಯೆಂಬ ಸ್ಥಿತಿಯಿರಲಿಲ್ಲ. ಆದುದರಿಂದ ಅವು ಹೆಚ್ಚಾಗಿ ಪ್ರತಿರೋಧಪತ್ರಿಕೆಗಳೇ ಹೊರತು ಗುಪ್ತಪತ್ರಿಕೆಗಳಲ್ಲ. ೧೯೪೨ರ ಹಿಂದೂಸ್ಥಾನದಲ್ಲಿ ಕೈಯಿಂದ ಕೈಗೆ ಸಾಗಿದ ಕಾಂಗ್ರೆಸ್ ಸುದ್ದಿಹಾಳೆಯು ನಿಜವಾಗಿ ಗುಪ್ತವಾದುದು.

ಅವರಿಂದ ಕಲಿಯತಕ್ಕದ್ದು ಪತ್ರಿಕೆಗಳ ಹೆಸರಲ್ಲ, ಅವುಗಳ ಸಂಗ್ರಹದ ಕ್ರಮ. ಡೆಟ್ರಾಯಿಟಿನ ಜೋಸೆಫ್ ಲಾಬಡಿ ಎಂಬ ಕಾರ್ಮಿಕ ಪಕ್ಷಪಾತಿಯು ತಾನು ವರ್ಷಗಟ್ಟಲೆ ಕೂಡಿಹಾಕಿದ್ದ ಪತ್ರಿಕೆಗಳನ್ನೂ ಕರಪತ್ರಗಳನ್ನೂ ೧೯೧೧ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಕೊಟ್ಟನು. ೧೯೨೪ರಿಂದ ಆಗ್ನೆಸ್ ಇಂಗ್ಲಿಸ್ ಎಂಬಾಕೆಯು ಆ ಕಟ್ಟುಗಳನ್ನು ಬಿಚ್ಚಿ ಒಪ್ಪಮಾಡಲು ತೊಡಗಿ, ಮುಪ್ಪಾದ ಚಳುವಳಿಗಾರರಿಗೆ ಒಬ್ಬೊಬ್ಬರಿಗೂ ಕಾಗದ ಬರೆದು ಅವರಲ್ಲಿದ್ದುದನ್ನು ತರಿಸಿಕೊಂಡು ಸಂಗ್ರಹವನ್ನು ಬೆಳೆಯಿಸಿದಳು. ಅರುವತ್ತರ ದಶಕದ ಪತ್ರಿಕೆಗಳು ಹುಟ್ಟಿದಾಗ ಅವನ್ನು ಇರಿಸತಕ್ಕ ಮನೆಯು ಅಲ್ಲಿ ಆಗಲೇ ಸಿದ್ಧವಾಗಿತ್ತು. ವಿಸ್ಕಾನ್ಸಿನ್ ರಾಜ್ಯದ ಚರಿತ್ರಸಂಘವು ಸೈನಿಕರೇ ಯುದ್ಧಕ್ಕೆ ವಿರೋಧವಾಗಿ ಹೊರಡಿಸಿದ ಪತ್ರಿಕೆಗಳವರೆಗೂ ಕೂಡಿಹಾಕಿತು. ಬೆಲ್ ಅಂಡ್ ಹೋವೆಲ್ ಎಂಬ ಸಂಸ್ಥೆಯು ಆ ಪತ್ರಿಕಾಸಂಘದೊಡನೆ ಒಡಂಬಡಿಕೆ ಮಾಡಿಕೊಂಡು, ಪತ್ರಿಕೆಗಳು ನಡೆಯುತ್ತಿದ್ದ ಕಾಲದಲ್ಲಿಯೇ ಅವುಗಳ ಸೂಕ್ಷ್ಮಚಿತ್ರಗಳನ್ನು ತೆಗೆಯಿತು. ಪತ್ರಿಕೆಯು ಬದುಕಿರುವಾಗಲೇ ಅದರ ಸಂಗ್ರಹವೂ ನಡೆಯಬೇಕೆಂಬುದು ಇದರ ಸಾರ.

೩

ಇಂತಹ ಪತ್ರಿಕೆಗಳು ಉಳಿದ ಬಗೆಯನ್ನು ಪರಿಶೀಲಿಸಿದರೆ ಮೂರು ವಿಧದ ರಕ್ಷಣೆಗಳು ಗೋಚರವಾಗುತ್ತವೆ. ಅವನ್ನು ನಿಗ್ರಹರಕ್ಷಣೆ, ಅನುಗ್ರಹರಕ್ಷಣೆ, ಕ್ರಯರಕ್ಷಣೆ ಎಂದು ಕರೆಯಬಹುದು.

ಅಡಗಿಸಬೇಕೆಂದು ವಶಪಡಿಸಿಕೊಂಡವನೇ ಕಾದಿಡುವುದು ನಿಗ್ರಹರಕ್ಷಣೆ. ಬ್ರಿಟಿಷ್ ಸರಕಾರವು ಹಿಂದೂಸ್ಥಾನದಲ್ಲಿ ಮುಟ್ಟುಗೋಲು ಹಾಕಿದ ಪುಸ್ತಕ ಪತ್ರಗಳ ಪ್ರತಿಗಳನ್ನು ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯಕ್ಕೂ ಬ್ರಿಟಿಷ್ ಮ್ಯೂಸಿಯಮ್ಮಿಗೂ ಕಳುಹಿಸಿತು. ಅವು ಈಗ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಗೆರಾಲ್ಡ್ ಬ್ಯಾರಿಯರ್ ಎಂಬ ವಿದ್ವಾಂಸನು ನಿಷಿದ್ಧ ಸಾಹಿತ್ಯದ ಚರಿತ್ರೆಯನ್ನು ೧೯೭೪ರಲ್ಲಿ ಪ್ರಕಟಿಸುವುದಕ್ಕೂ ೧೯೮೫ರಲ್ಲಿ ಆ ಗ್ರಂಥಗಳ ಸೂಚಿಯು ಅಚ್ಚಾಗುವುದಕ್ಕೂ ಈ ಸಂಗ್ರಹವೇ ಆಧಾರವಾಯಿತು. ಸೆರೆಮನೆಯ ಕಾವಲುಗಾರನು ಕೊನೆಗೆ ಗ್ರಂಥಪಾಲಕನಾಗಿ ಪರಿಣಮಿಸಿದುದು ಕಾಲದ ವಿನೋದವೆನ್ನಬೇಕು. ಇದೇ ವರ್ಗಕ್ಕೆ ಸೇರಿದ ಇನ್ನೊಂದು ಸಾಧನವೂ ಉಂಟು. ಮುಂಬಯಿ, ಮದರಾಸು ಸರಕಾರಗಳು ದೇಶಭಾಷೆಗಳ ಪತ್ರಿಕೆಗಳಲ್ಲಿ ಬಂದುದನ್ನು ವಾರವಾರವೂ ಇಂಗ್ಲಿಷಿಗೆ ಸಂಗ್ರಹಿಸಿ ಅಧಿಕಾರಿಗಳ ಉಪಯೋಗಕ್ಕಾಗಿ ಗೋಪ್ಯವಾಗಿ ಅಚ್ಚುಹಾಕಿಸುತ್ತಿದ್ದುವು. ಮೂಲವು ನಷ್ಟವಾದ ಎಷ್ಟೋ ಕನ್ನಡ ಪತ್ರಿಕೆಗಳ ಮಾತು ಆ ವರದಿಗಳಲ್ಲಿ ಮಾತ್ರ ಉಳಿದಿದೆ. ಒಂದನೆಯ ಗುಣವರ್ಮನ 'ಶೂದ್ರಕ'ವನ್ನು ಇತರರ ಸಂಕಲನಗಳಲ್ಲಿ ಉದ್ಧೃತವಾದ ಪದ್ಯಗಳಿಂದ ಮಾತ್ರ ಬಲ್ಲ ಕನ್ನಡ ವಿದ್ವಾಂಸರಿಗೆ ಈ ಸಂದರ್ಭವು ಹೊಸದಲ್ಲ. ಭೇದವಿಷ್ಟೇ: ಗುಣವರ್ಮನನ್ನು ಉದ್ಧರಿಸಿದವರು ರಸಿಕರು; ಪತ್ರಿಕೆಗಳನ್ನು ಉದ್ಧರಿಸಿದವರು ದೋಷವನ್ನು ಹುಡುಕುತ್ತಿದ್ದವರು. ಆ ಸಂಗ್ರಹಗಳನ್ನು ಬಳಸುವಾಗ ಈ ಭೇದವನ್ನು ಮರೆಯಬಾರದು.

ಪತ್ರಿಕೆಯ ಮಾತನ್ನು ನಂಬಿದ ಓದುಗನು ಅದನ್ನು ಬಚ್ಚಿಟ್ಟು ಕಾಯುವುದು ಅನುಗ್ರಹರಕ್ಷಣೆ. ಕನ್ನಡದಲ್ಲಿ ಇದಕ್ಕೆ ಪುರಾತನವಾದ ದೃಷ್ಟಾಂತವೊಂದುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ರಾಂತಿಯಲ್ಲಿ ಶರಣರು ಚದರಿದ ಮೇಲೆ ವಚನಗಳ ಕಟ್ಟುಗಳು ಭಕ್ತರ ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದುಬಂದವು. ಫ. ಗು. ಹಳಕಟ್ಟಿಯವರು ಆ ಓಲೆಗಳನ್ನು ಮನೆಮನೆಯಿಂದ ಬೇಡಿ ತಂದು ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ತನ್ನ ಕಾಲದ ಪ್ರಭುತ್ವಕ್ಕೂ ಕುಲಾಚಾರಕ್ಕೂ ಎದುರುನಿಂತ ಮಾತು, ರಾಜಾಶ್ರಯವಿಲ್ಲದೆಯೇ, ಪೂಜೆಯ ಗಂಟಿನಲ್ಲಿ ಅಡಗಿ ಏಳುನೂರು ವರ್ಷ ಬಾಳಿತು. ಆದರೆ ಓಲೆಯು ಅಷ್ಟು ಕಾಲ ತಾಳಬಲ್ಲುದು. ಅಗ್ಗದ ಕಾಗದವು ತಾಳಲಾರದು.

ಪತ್ರಿಕೆಯ ಅಭಿಪ್ರಾಯದಲ್ಲಿ ರಾಗವಾಗಲಿ ದ್ವೇಷವಾಗಲಿ ಇಲ್ಲದೆ, ಸಿಕ್ಕಿದುದನ್ನೆಲ್ಲ ಕೊಂಡು ಕೂಡಿಡುವುದು ಕ್ರಯರಕ್ಷಣೆ. ಇದಕ್ಕೊಂದು ವಿಚಿತ್ರವಾದ ಉದಾಹರಣೆಯನ್ನು ಕೊಡಬಹುದು. ೧೯೫೪ರ ಅಮೆರಿಕದ ಸಾರ್ವಜನಿಕ ಕಾಯಿದೆ ೪೮೦ರಂತೆ ಭಾರತಕ್ಕೆ ಗೋಧಿ ಬರುತ್ತಿತ್ತು. ಅದರ ಬೆಲೆಯನ್ನು ರೂಪಾಯಿಗಳಲ್ಲಿ ಸಲ್ಲಿಸುತ್ತಿದ್ದುದರಿಂದ ಆ ದೇಶದ ಹಣವು ಇಲ್ಲಿಯೇ ರಾಶಿಯಾಗಿ ಉಳಿಯಿತು. ೧೯೬೨ರಿಂದ ಆ ಹಣದ ಒಂದು ಭಾಗವನ್ನು ಭಾರತದ ಪುಸ್ತಕ ಪತ್ರಿಕೆಗಳನ್ನು ಕೊಳ್ಳುವುದಕ್ಕೆ ವಿನಿಯೋಗಿಸಿ, ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ದೆಹಲಿ ಕಚೇರಿಯ ಮೂಲಕ ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಹಂಚಲಾಯಿತು. ಕನ್ನಡದ ಪುಸ್ತಕ ಪತ್ರಿಕೆಗಳೂ ಅವುಗಳೊಡನೆ ಸಮುದ್ರವನ್ನು ದಾಟಿದವು. ಗೋಧಿಯನ್ನು ತಿಂದವರು ಮರೆತರು. ಆ ಗೋಧಿಯ ಬೆಲೆಯಿಂದ ಕೊಂಡ ಕನ್ನಡ ಪುಸ್ತಕಗಳು ದೂರದೇಶದ ತಂಪಾದ ಕೋಣೆಗಳಲ್ಲಿ ಉಳಿದಿವೆ. ಆದರೆ ಕ್ರಯರಕ್ಷಣೆಗೂ ಮಿತಿಯುಂಟು. ಅಂಗಡಿಗೆ ಬಾರದ ಹಾಳೆಯನ್ನು ಕೊಳ್ಳುವುದು ಹೇಗೆ? ಗುಪ್ತಪತ್ರಿಕೆಯು ಈ ಬಲೆಗೆ ಬೀಳುವುದಿಲ್ಲ.

೪

ಇನ್ನು ಕನ್ನಡನಾಡಿನ ವಿಷಯ. ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿ ಹೊರಟುದು ಮೊದಲ್ಗೊಂಡು ಕನ್ನಡ ಪತ್ರಿಕೆಗಳ ಬೆಳವಣಿಗೆಯನ್ನು ಅನೇಕರು ಬರೆದಿದ್ದಾರೆ. ಆ ಚರಿತ್ರೆಯ ಒಳಪದರದಲ್ಲಿ ಕಾಯಿದೆಗೂ ಪತ್ರಿಕೆಗೂ ನಡೆದ ಹೋರಾಟವು ಸಾಗಿದೆ.

೧೮೬೭ರ ಕಾಯಿದೆಯಂತೆ ಬ್ರಿಟಿಷ್ ಇಂಡಿಯದಲ್ಲಿ ಅಚ್ಚಾದ ಪ್ರತಿಯೊಂದು ಹಾಳೆಯ ಮೇಲೂ ಮುದ್ರಕನ ಹೆಸರೂ ಮುದ್ರಣದ ಸ್ಥಳವೂ ಇರಬೇಕಾಗಿತ್ತು. ೨೦೨೩ರ ಹೊಸ ಕಾಯಿದೆಯು ಬರುವವರೆಗೆ ಇದೇ ಮೂಲಸೂತ್ರವಾಗಿ ನಡೆಯಿತು. ಮೈಸೂರು ಸಂಸ್ಥಾನದಲ್ಲಿ ೧೯೦೮ರ ವೃತ್ತಪತ್ರಿಕಾ ನಿಬಂಧನೆಯು ಸರಕಾರದ ಅಪ್ಪಣೆಯಿಲ್ಲದೆ ಪತ್ರಿಕೆಯನ್ನು ನಡೆಯಿಸಕೂಡದೆಂದು ವಿಧಿಸಿತು. ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಆ ಅವಮಾನವನ್ನು ಸಹಿಸಲಾರದೆ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ೧೯೩೧ರ ಮುದ್ರಣ ಕಾಯಿದೆಯು 'ಅನಧಿಕೃತ ಸುದ್ದಿಹಾಳೆ' ಎಂಬ ಹೊಸ ಸಂಜ್ಞೆಯನ್ನೇ ನಿರ್ಮಿಸಿ, ಅಂತಹವನ್ನು ಹಿಡಿಯುವುದಕ್ಕೂ ನಾಶಮಾಡುವುದಕ್ಕೂ ಅಧಿಕಾರವನ್ನು ಕೊಟ್ಟಿತು. ನಾಶಮಾಡಬಹುದೆಂಬ ಆ ಒಂದು ಮಾತಿನಿಂದ ನಿಗ್ರಹರಕ್ಷಣೆಯ ದಾರಿಯೂ ಅರ್ಧ ಮುಚ್ಚಿಹೋಯಿತು. ಪುಸ್ತಕದ ಒಂದು ಪ್ರತಿಯನ್ನು ಲಂಡನ್ನಿಗೆ ಕಳುಹಿಸುತ್ತಿದ್ದವರು ಸೈಕ್ಲೋಸ್ಟೈಲಿನ ಹಾಳೆಗೆ ಅಷ್ಟು ಗೌರವವನ್ನು ಕೊಡಲಿಲ್ಲ.

ಕಾಯಿದೆಯು ಬಿಗಿಯಾದಲ್ಲೆಲ್ಲ ಪತ್ರಿಕೆಯು ಗಡಿಯನ್ನು ಹುಡುಕಿತು. ಕವಿ ಸುಬ್ರಹ್ಮಣ್ಯ ಭಾರತಿಯವರ 'ಇಂಡಿಯಾ' ಪತ್ರಿಕೆಯು ೧೯೦೮ರಲ್ಲಿ ಮದರಾಸನ್ನು ಬಿಟ್ಟು ಫ್ರೆಂಚರ ಪುದುಚೇರಿಗೆ ಹೋಯಿತು. ಕನ್ನಡದಲ್ಲಿ ಇದಕ್ಕೆ ಸಮಾನವಾದುದು 'ಪೌರವಾಣಿ'. ೧೯೪೭ರಲ್ಲಿ ಸ್ವಾತಂತ್ರ್ಯವು ಬಂದರೂ ಮೈಸೂರಿನಲ್ಲಿ ಜವಾಬ್ದಾರಿ ಸರಕಾರವು ಬರಲಿಲ್ಲವೆಂದು ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳುವಳಿಯು ಆರಂಭವಾಯಿತು. ಆಗ ಎಚ್. ಎಸ್. ದೊರೆಸ್ವಾಮಿಯವರು ಆ ಪತ್ರಿಕೆಯನ್ನು ನಡೆಯಿಸುತ್ತಿದ್ದರು. ಸಂಸ್ಥಾನದ ಸರಕಾರವು ಅದನ್ನು ತಡೆದಾಗ ಅವರು ಮದರಾಸು ಪ್ರಾಂತಕ್ಕೆ ಸೇರಿದ್ದ ಹಿಂದೂಪುರಕ್ಕೆ ಹೋಗಿ ಅಲ್ಲಿಂದ ಪತ್ರಿಕೆಯನ್ನು ಹೊರಡಿಸಿದರು. ಹಿಂದೂಪುರದಲ್ಲಿ ನ್ಯಾಯವಾದ ಪತ್ರಿಕೆಯು ಗಡಿ ದಾಟಿದೊಡನೆ ಅಪರಾಧವಾಯಿತು. ಗುಪ್ತತ್ವವೆಂಬುದು ಪತ್ರಿಕೆಯ ಸ್ವಭಾವವಲ್ಲ, ಅದು ನಿಂತ ನೆಲದ ಧರ್ಮವೆಂಬುದು ಇದರಿಂದ ಸಿದ್ಧವಾಗುತ್ತದೆ.

೫

ಈ ತತ್ತ್ವವು ಕೊಪ್ಪಳ ಸೀಮೆಗೆ ಅನ್ವಯವಾಗುವಷ್ಟು ಚೆನ್ನಾಗಿ ಬೇರೆಡೆಗೆ ಆಗದು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡನ್ನು ಹೇಳುವಾಗ ಎಣಿಸಿದ ಊರುಗಳಲ್ಲಿ ಕೊಪಣವೂ ಒಂದು. ಅಂತಹ ನಾಡು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನಿಜಾಮನ ಆಳಿಕೆಗೆ ಒಳಪಟ್ಟಿತ್ತು. ಕೊಪ್ಪಳವು ಸಾಲಾರ್ ಜಂಗರ ಜಹಗೀರಾಗಿತ್ತು. ಕಚೇರಿಯ ಭಾಷೆ ಉರ್ದು; ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. ಸಭೆ ಕೂಡುವುದಕ್ಕೆ ಕೂಡ 'ಗಸ್ತಿ ನಿಶಾನ್ ೫೩' ಎಂಬ ಆಜ್ಞೆಯಂತೆ ಮೊದಲೇ ಅಪ್ಪಣೆ ಪಡೆಯಬೇಕಾಗಿತ್ತು. ಹೊರಗಿನ ಪತ್ರಿಕೆಗಳ ಪ್ರವೇಶವನ್ನು ಸರಕಾರವು ಕಾಲಕಾಲಕ್ಕೆ ನಿಷೇಧಿಸುತ್ತಿತ್ತು.

ಭೂಮಿಯ ಸನ್ನಿವೇಶವನ್ನು ನೋಡಿದರೆ ಇಲ್ಲಿಯ ಪತ್ರಿಕೆಗಳ ದಾರಿಯು ತಾನಾಗಿ ತಿಳಿಯುತ್ತದೆ. ಕೊಪ್ಪಳ, ಯಲಬುರ್ಗಾಗಳ ಪಡುವಣಕ್ಕೆ ಮುಂಡರಗಿ, ಗದಗ, ಗಜೇಂದ್ರಗಡಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಗಂಗಾವತಿಯ ತೆಂಕಣಕ್ಕೆ ತುಂಗಭದ್ರೆಯೇ ಎಲ್ಲೆ. ಆಚೆಯ ದಡದ ಹೊಸಪೇಟೆ, ಕಂಪ್ಲಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯವು. ಒಂದೇ ಮಾತನ್ನಾಡುವ, ಒಂದೇ ಜಾತ್ರೆಗೆ ಹೋಗುವ ಜನರು ಮೂರು ಸರಕಾರಗಳ ಕೈಕೆಳಗಿದ್ದರು. ಹೊಳೆಯನ್ನು ದಾಟಿದ ಪತ್ರಿಕೆಯು ಇನ್ನೊಂದು ಕಾಯಿದೆಯೊಳಕ್ಕೆ ಕಾಲಿಡುತ್ತಿತ್ತು.

೧೯೪೭ರ ಆಗಸ್ಟ್ ೭ರಂದು ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ಭಾರತ ಒಕ್ಕೂಟಕ್ಕೆ ಸೇರಬೇಕೆಂದು ಸತ್ಯಾಗ್ರಹವನ್ನಾರಂಭಿಸಿತು. ಸ್ವಾಮಿ ರಾಮಾನಂದ ತೀರ್ಥರು ಬಂಧಿತರಾದರು. ರಜಾಕಾರರ ಹಾವಳಿಯು ಹೆಚ್ಚಲು ಚಳುವಳಿಗಾರರು ಗಡಿಯಾಚೆಗೆ ಶಿಬಿರಗಳನ್ನು ಹಾಕಿದರು. ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಮುಂಡರಗಿಯ ಶಿಬಿರವೂ, ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳುತನದಲ್ಲಿ ಗಜೇಂದ್ರಗಡದ ಶಿಬಿರವೂ ನಡೆದವು. ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ'ದಂತಹ ಪತ್ರಿಕೆಯು ಗದಗಿನಲ್ಲಿ ದಿನದ ಸುದ್ದಿಯಾದರೆ ನಿಜಾಮನ ನೆಲದಲ್ಲಿ ಅಪಾಯದ ಸರಕಾಗಿತ್ತು. ಅಪಾಯವು ಎಷ್ಟೆಂಬುದನ್ನು ರಾಜಧಾನಿಯ ಒಂದು ಘಟನೆಯು ತಿಳಿಸುತ್ತದೆ. ಶೋಯೆಬುಲ್ಲಾ ಖಾನರೆಂಬ ಉರ್ದು ಪತ್ರಿಕಾಕರ್ತರು 'ಇಮ್ರೋಜ್' ಪತ್ರಿಕೆಯಲ್ಲಿ ರಜಾಕಾರರನ್ನು ಖಂಡಿಸಿ, ಹೈದರಾಬಾದು ಭಾರತಕ್ಕೆ ಸೇರಬೇಕೆಂದು ಬರೆಯುತ್ತಿದ್ದರು. ೧೯೪೮ರ ಆಗಸ್ಟಿನಲ್ಲಿ ಅವರನ್ನು ಹೈದರಾಬಾದಿನ ಬೀದಿಯಲ್ಲಿ ಕೊಲ್ಲಲಾಯಿತು. ಪ್ರತಿರೋಧದ ಪತ್ರಿಕೆಗೆ ಭಾಷೆಯಾಗಲಿ ಮತವಾಗಲಿ ಗೆರೆಯಲ್ಲವೆಂಬುದನ್ನು ಅವರ ಬಲಿದಾನವು ತೋರಿಸುತ್ತದೆ. ಆ ಮುಂದಿನ ತಿಂಗಳು, ಸೆಪ್ಟೆಂಬರ್ ೧೩ರಿಂದ ಐದು ದಿನಗಳ ಸೈನಿಕ ಕಾರ್ಯಾಚರಣೆಯಿಂದ ನಿಜಾಮನ ಆಳಿಕೆಯು ಮುಗಿಯಿತು.

ಈ ಹದಿಮೂರು ಹದಿನಾಲ್ಕು ತಿಂಗಳುಗಳ ಕನ್ನಡ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಹೋರಾಟಗಾರರ ನೆನಪುಗಳನ್ನು ಅವಲಂಬಿಸಿದ್ದಾರೆ. ನೆನಪು ಪೂಜ್ಯವಾದುದು, ಆದರೆ ಮೂವತ್ತು ವರ್ಷಗಳ ಮೇಲೆ ಹೇಳಿದ ನೆನಪಿನಲ್ಲಿ ಮೊದಲು ಸವೆಯುವುದು ತಿಥಿ, ಅನಂತರ ಹೆಸರು. ಅಂದಿನ ಪತ್ರಿಕೆಯಾದರೋ ನಾಳೆಯ ಪರಿಣಾಮವನ್ನು ಅರಿಯದೆ ಇಂದಿನ ದಿನವನ್ನು ಬರೆಯುತ್ತದೆ. ಗೆಲುವು ಬರುವುದೋ ಇಲ್ಲವೋ ಎಂಬ ಸಂಶಯದಲ್ಲಿ ಬರೆದ ವಾಕ್ಯಕ್ಕೂ ಗೆದ್ದ ಮೇಲೆ ಬರೆದ ವಾಕ್ಯಕ್ಕೂ ಇರುವ ಅಂತರವೇ ಚರಿತ್ರಕಾರನಿಗೆ ಬೇಕಾದ ಸಾಮಗ್ರಿ.

ಆಧಾರಗಳನ್ನು ಅರಸತಕ್ಕ ಸ್ಥಳಗಳು ಹಂಚಿಹೋಗಿವೆ. ನಿಜಾಮ ಸರಕಾರದ ಕಾಗದಗಳು ಹೈದರಾಬಾದಿನ ದಫ್ತರಖಾನೆಯಲ್ಲಿ, ಬಹುಭಾಗ ಉರ್ದು ಪಾರಸಿಗಳಲ್ಲಿವೆ. ಧಾರವಾಡ ಜಿಲ್ಲೆಯ ಮೇಲೆ ಕಣ್ಣಿಟ್ಟಿದ್ದ ಮುಂಬಯಿ ಗೃಹಖಾತೆಯ ಕಡತಗಳನ್ನು ಮುಂಬಯಿಯಲ್ಲಿಯೂ, ಬಳ್ಳಾರಿ ಜಿಲ್ಲೆಯವನ್ನು ಚೆನ್ನೈಯಲ್ಲಿಯೂ ನೋಡಬೇಕು. ೧೯೫೬ರ ಏಕೀಕರಣದ ತರುವಾಯದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವೇ ನೆಲೆ. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಅದಕ್ಕೆ ಹಿಂದೆ ಅದು ರಾಯಚೂರಿನ ಭಾಗ. ಒಂದು ತಾಲ್ಲೂಕಿನ ಒಂದು ವರ್ಷದ ವೃತ್ತಾಂತಕ್ಕಾಗಿ ನಾಲ್ಕು ನಗರಗಳನ್ನೂ ನಾಲ್ಕು ಭಾಷೆಗಳನ್ನೂ ಆಶ್ರಯಿಸಬೇಕಾದುದರಿಂದಲೇ ಈ ಕಾರ್ಯವು ಒಬ್ಬನಿಂದಾಗದೆ ಸಂಘದಿಂದಾಗತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯವಾಗಿದೆ. ಸಂಗ್ರಾಹಕನು ತನಗೆ ಪ್ರಿಯವಾದ ಪಕ್ಷದ ಹಾಳೆಗಳನ್ನು ಮಾತ್ರ ಕೂಡಿಟ್ಟರೆ, ಅರಸನು ಮಾಡಿದ ಪಕ್ಷಪಾತವನ್ನೇ ತಾನೂ ಬೇರೊಂದು ದಿಕ್ಕಿನಿಂದ ಮಾಡಿದಂತಾಗುವುದು. ನಿಜಾಮನ ಪಕ್ಷದ ಉರ್ದು ಪತ್ರಿಕೆಗಳೂ ಕಮ್ಯೂನಿಸ್ಟರ ಹಾಳೆಗಳೂ ಅಷ್ಟೇ ಆದರದಿಂದ ಸಂಗ್ರಹಕ್ಕೆ ಬರಬೇಕು. ಸೈನಿಕ ಕಾರ್ಯಾಚರಣೆಯ ಕಾಲದಲ್ಲಿಯೂ ಅನಂತರವೂ ಮುಸಲ್ಮಾನ ಪ್ರಜೆಗಳಿಗೊದಗಿದ ದುಃಖವನ್ನು ವಿಚಾರಿಸಿದ ಸುಂದರಲಾಲ ಸಮಿತಿಯ ವರದಿಯು ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ಗೆದ್ದ ಸರಕಾರವೂ ಕಾಗದವನ್ನು ಮುಚ್ಚಿಡಬಲ್ಲುದೆಂಬುದನ್ನು ಮರೆತವನು ಸಂಗ್ರಾಹಕನಾಗಲಾರನು.

೬

ಸ್ವಾತಂತ್ರ್ಯದ ಮೇಲೆ ಪ್ರತಿರೋಧಪತ್ರಿಕೆಗಳ ಹೊಸ ಯುಗವು ಬಂದಿತು. ಅಮೆರಿಕದ ತರುಣರು ತಮ್ಮ ಪತ್ರಿಕೆಗಳನ್ನು ಹೊರಡಿಸಿದ ೧೯೬೪ರಲ್ಲಿಯೇ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಎಂಬ ಮೂವರು ಕೂಡಿ 'ಸಂಕ್ರಮಣ'ವನ್ನು ಆರಂಭಿಸಿದರು. ೧೯೭೨ರಲ್ಲಿ ರಾಜಶೇಖರ ಕೋಟಿಯವರ 'ಆಂದೋಲನ'ವು ಧಾರವಾಡದಲ್ಲಿ ಹುಟ್ಟಿ ತರುವಾಯ ಮೈಸೂರಿನಲ್ಲಿ ನೆಲೆಗೊಂಡಿತು. ೧೯೭೩ರ ನವೆಂಬರಿನಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗವು ಬೂಸಾ ಎಂದುದರಿಂದ ನಾಡಿನಲ್ಲಿ ಗದ್ದಲವೆದ್ದು, ಅವರು ಅಧಿಕಾರವನ್ನು ಬಿಡಬೇಕಾಯಿತು. ಆ ದಶಕದಲ್ಲಿ ಬೆಂಗಳೂರಿನ 'ಶೂದ್ರ', ದಲಿತ ಲೇಖಕರ 'ಪಂಚಮ' ಮುಂತಾದ ಪತ್ರಿಕೆಗಳು ಹೊರಟವು. ೧೯೭೯ರ ಮಾರ್ಚಿಯಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವು ಸೇರಿತು. ೧೯೮೦ರಲ್ಲಿ ಜಾಹೀರಾತನ್ನು ಸ್ವೀಕರಿಸದ 'ಲಂಕೇಶ್ ಪತ್ರಿಕೆ'ಯು ಆರಂಭವಾಯಿತು.

ಇವುಗಳ ನಡುವೆ ೧೯೭೫ರ ಜೂನ್‌ನಿಂದ ೧೯೭೭ರ ಮಾರ್ಚಿಯವರೆಗೆ ತುರ್ತು ಪರಿಸ್ಥಿತಿಯು ನಡೆಯಿತು. ಪತ್ರಿಕೆಗಳಿಗೆ ಪೂರ್ವಪರೀಕ್ಷೆಯು ವಿಧಿಸಲ್ಪಟ್ಟಿತು. ೧೯೭೬ರಲ್ಲಿ ಆಕ್ಷೇಪಾರ್ಹ ವಿಷಯಗಳ ಪ್ರಕಟಣೆಯನ್ನು ತಡೆಯುವ ಕಾಯಿದೆಯೂ ಬಂದಿತು. ಸ್ವತಂತ್ರ ಭಾರತದಲ್ಲಿಯೇ ಪ್ರತಿರೋಧಪತ್ರಿಕೆಯು ಗುಪ್ತಪತ್ರಿಕೆಯಾಗಬೇಕಾಯಿತು. ಕರ್ನಾಟಕದಲ್ಲಿಯೂ ಸೈಕ್ಲೋಸ್ಟೈಲ್ ಯಂತ್ರದ ಹಾಳೆಗಳು ಮತ್ತೆ ಕೈಯಿಂದ ಕೈಗೆ ಸಾಗಿದವು.

ಸಾಹಿತ್ಯದ ಅಧ್ಯಾಪಕರಿಗೆ ಈ ಸಂಚಿಕೆಗಳಿಂದಾಗುವ ಉಪಯೋಗವು ಚರಿತ್ರಕಾರನಿಗಾಗುವುದಕ್ಕಿಂತ ಕಡಮೆಯದಲ್ಲ. ಇಂದು ಪಠ್ಯಪುಸ್ತಕಗಳಲ್ಲಿರುವ ಅನೇಕ ಕವಿತೆಗಳೂ ಕಥೆಗಳೂ ಮೊದಲು ಅಚ್ಚಾದುದು ಇಂತಹ ಸಣ್ಣ ಪತ್ರಿಕೆಗಳಲ್ಲಿ. ಗ್ರಂಥರೂಪವನ್ನು ಪಡೆಯುವಾಗ ಲೇಖಕನು ಒಂದು ಪದವನ್ನು ತಿದ್ದುವನು, ಒಂದು ಚರಣವನ್ನು ಬಿಡುವನು. ಪಂಪ ರನ್ನರ ಪಾಠಾಂತರಗಳನ್ನು ಅಡಿಯಲ್ಲಿ ಗುರುತಿಸುವ ಸಂಪಾದಕರು ಐವತ್ತು ವರ್ಷಗಳ ಹಿಂದಿನ ಕವಿಗೆ ಆ ಮರ್ಯಾದೆಯನ್ನು ಸಲ್ಲಿಸದಿರುವುದಕ್ಕೆ ಕಾರಣವು ಪ್ರತಿಗಳ ಅಭಾವವಲ್ಲದೆ ಬೇರೆಯಲ್ಲ. ಸಾಲದುದಕ್ಕೆ, ಆಡುಮಾತು ಬರೆಹದೊಳಕ್ಕೆ ಹೇಗೆ ಬಂದಿತು, ಯಾವ ಜಾತಿಯ ಯಾವ ಸೀಮೆಯ ನುಡಿಯು ಎಂದು ಮೊದಲು ಅಚ್ಚಿನ ಮೊಳೆಯನ್ನು ಕಂಡಿತು ಎಂಬ ಭಾಷಾಚರಿತ್ರೆಯ ಪ್ರಶ್ನೆಗಳಿಗೂ ಈ ಹಾಳೆಗಳೇ ಉತ್ತರವನ್ನು ಕೊಡಬಲ್ಲವು.

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರವನ್ನು ಈ ದೃಷ್ಟಿಯಿಂದ ನೋಡುವುದು ಉಚಿತ. ತುಂಗಭದ್ರಾ ಅಣೆಕಟ್ಟಿನ ಕಾರ್ಯವು ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ಕಾಲುವೆಗೆ ನೀರು ಬಂದಿತು. ಎಡದಂಡೆಯ ನೆಲವು ನೀರಾವರಿಗೆ ಬರಲು ಆಂಧ್ರದ ರೈತಕುಟುಂಬಗಳು ಬಂದು ಜಮೀನನ್ನು ಕೊಂಡು ನೆಲೆಸಿದವು. ಜನರು ಇಂದಿಗೂ ಕ್ಯಾಂಪುಗಳೆಂದೇ ಕರೆಯುವ ಅಂತಹ ಊರುಗಳಲ್ಲಿ ಶ್ರೀರಾಮನಗರವು ದೊಡ್ಡದು. ಅಲ್ಲಿ ಶಾಸನವಿಲ್ಲ, ಕೈಫಿಯತ್ತಿಲ್ಲ, ಓಲೆಯ ಕಟ್ಟಿಲ್ಲ. ಅದರ ಪುರಾತನ ಲೇಖವೆಂದರೆ ಜಮೀನಿನ ಕಾಗದ, ಅಕ್ಕಿಯ ಗಿರಣಿಯ ಲೆಕ್ಕ, ಚುನಾವಣೆಯ ಕರಪತ್ರ, ಕೂಲಿಯವರ ಮತ್ತು ರೈತರ ಸಂಘಗಳ ಹಾಳೆ, ಮನೆಗೆ ತರಿಸುತ್ತಿದ್ದ ಪತ್ರಿಕೆ. ೧೯೮೦ರ ಜುಲೈಯಲ್ಲಿ ನರಗುಂದ ನವಲಗುಂದಗಳಲ್ಲಿ ಮಲಪ್ರಭಾ ಯೋಜನೆಯ ಕರದ ವಿಷಯವಾಗಿ ಗೋಳೀಬಾರು ನಡೆದು, ರಾಜ್ಯದಲ್ಲಿ ರೈತಸಂಘವು ಬಲಗೊಂಡುದು ಪ್ರಸಿದ್ಧವಾಗಿದೆ. ಕಾಲುವೆಯ ನೀರೇ ರಾಜಕಾರಣವಾದ ಸೀಮೆಯಲ್ಲಿ ಇಂತಹ ಹಾಳೆಗಳು ಶಾಸನಕ್ಕೆ ಸಮ. ಅಲ್ಲಿಯ ಸಂಗ್ರಾಹಕನು ಕನ್ನಡವನ್ನೂ ತೆಲುಗನ್ನೂ ಒಂದೇ ಪೆಟ್ಟಿಗೆಯಲ್ಲಿರಿಸಬೇಕು. ಏಕೆಂದರೆ ಹೊಲದ ಒಡೆಯನ ಮನೆಮಾತೂ ಕಳೆ ಕೀಳುವವಳ ಮನೆಮಾತೂ ಅಲ್ಲಿ ಎಷ್ಟೋ ವೇಳೆ ಬೇರೆ ಬೇರೆ.

೭

ಕೊನೆಗೆ ಸಂಗ್ರಹದ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು.

ಗುಪ್ತಪತ್ರಿಕೆಯಲ್ಲಿ ಮುದ್ರಕನ ಹೆಸರಿಲ್ಲ, ಊರಿಲ್ಲ. ಇದ್ದರೆ ಬೇಕೆಂದೇ ಸುಳ್ಳಾಗಿ ಹಾಕಿದುದೂ ಇರಬಹುದು. ಕವಿಯ ಕಾಲವನ್ನು ನಿರ್ಣಯಿಸುವ ಆಂತರಿಕ, ಬಾಹ್ಯ ಪ್ರಮಾಣಗಳನ್ನೇ ಇಲ್ಲಿಯೂ ಉಪಯೋಗಿಸಬೇಕು. ಕಾಗದದ ಜಾತಿ, ಮೊಳೆಯ ಆಕಾರ, ಸವೆದ ಒಂದು ಅಕ್ಷರ, ಹೇಳಿದ ಘಟನೆಯ ತಿಥಿ, ಕಾಗುಣಿತದ ರೂಢಿ ಇವು ಆಂತರಿಕ ಪ್ರಮಾಣಗಳು. ಯಾರ ಮನೆಯಲ್ಲಿ, ಯಾವ ಕಾಗದಗಳ ನಡುವೆ ಸಿಕ್ಕಿತೆಂಬುದು ಬಾಹ್ಯ ಪ್ರಮಾಣ. ಆದುದರಿಂದ ಕಟ್ಟನ್ನು ಬಿಚ್ಚಿ ವಿಷಯಾನುಸಾರವಾಗಿ ಹಂಚುವ ಮೊದಲು ಅದು ಸಿಕ್ಕಿದ ಅನುಕ್ರಮವನ್ನು ಬರೆದಿಡತಕ್ಕದ್ದು. ಅಂಚಿನಲ್ಲಿ ಓದುಗನು ಗೀಚಿದ ತಾರೀಖನ್ನೂ ಬೆಲೆಯನ್ನೂ ಒರಸಬಾರದು. ಅವು ಆ ಹಾಳೆಯ ವ್ಯಾಖ್ಯಾನಗಳು.

ಸುದ್ದಿಕಾಗದವನ್ನು ಮರದ ತಿರುಳಿನಿಂದ ಮಾಡುವುದರಿಂದ ಅದರಲ್ಲಿರುವ ಆಮ್ಲವೇ ಅದನ್ನು ಹಳದಿಯಾಗಿಸಿ ಪುಡಿಮಾಡುತ್ತದೆ. ಮಡಿಕೆಯ ಗೆರೆಯಲ್ಲಿ ಮೊದಲು ಒಡೆಯುತ್ತದೆ. ಅಂಟುಪಟ್ಟಿಯನ್ನು ಹಚ್ಚುವುದರಿಂದಲೂ ಪ್ಲಾಸ್ಟಿಕ್ಕಿನಲ್ಲಿ ಬೆಸೆಯುವುದರಿಂದಲೂ ಹಾನಿಯೇ ಹೆಚ್ಚು. ಬಿಚ್ಚಿ ಚಪ್ಪಟೆಯಾಗಿ, ಆಮ್ಲವಿಲ್ಲದ ಕಾಗದದ ನಡುವೆ, ಬಿಸಿಲೂ ತೇವವೂ ತಾಗದಂತೆ ಇಡುವುದೂ, ಒಡನೆಯೇ ಛಾಯಾಪ್ರತಿಯನ್ನು ತೆಗೆಯುವುದೂ ಉತ್ತಮ. ಛಾಯಾಪ್ರತಿ ತೆಗೆದ ಮೇಲೆ ಮೂಲವನ್ನು ರದ್ದಿಗೆ ಹಾಕುವುದು ಮಹಾಪರಾಧ. ಕಾಗದವೂ ಶಾಯಿಯೂ ಪ್ರಮಾಣಗಳೆಂಬುದನ್ನು ಮೇಲೆ ಹೇಳಿಯೇ ಇದೆ.

ಕಡೆಯದಾಗಿ, ಬದುಕಿರುವವರ ಹೆಸರು ಇಂತಹ ಹಾಳೆಗಳಲ್ಲಿ ಬಂದಿರುತ್ತದೆ. ನಂಬಿಕೆಯಿಂದ ಕೊಟ್ಟವನಿಗೆ ಅವನ ಕಾಗದದಿಂದ ಕೇಡಾಗಬಾರದು. ಇಂತಿಷ್ಟು ವರ್ಷ ತೆರೆಯಕೂಡದೆಂದು ದಾನಿಯು ಹೇಳಿದರೆ ಆ ಮಾತನ್ನು ನಡೆಯಿಸತಕ್ಕದ್ದು.

ಕೊಪ್ಪಳ ಸೀಮೆಗೆ ಸಮೀಪದಲ್ಲಿಯೇ, ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ, ತಾಲ್ಲೂಕುಗಳಲ್ಲಿ ಕಾಲೇಜುಗಳಿವೆ. ಅಧ್ಯಾಪಕನೊಬ್ಬನು ವಿದ್ಯಾರ್ಥಿಗಳಿಗೆ, ತಮ್ಮ ತಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿರುವ ಪತ್ರಿಕೆಗಳ ಹೆಸರನ್ನೂ ತಾರೀಖನ್ನೂ ಬರೆದು ತರುವಂತೆ ಹೇಳಿದರೆ ಸಾಕು, ಒಂದು ಸೂಚಿಯು ಹುಟ್ಟುತ್ತದೆ. ಸೂಚಿಯು ಹುಟ್ಟಿದ ಮೇಲೆ ಸಂಗ್ರಹಕ್ಕೆ ದಾರಿಯಾಗುತ್ತದೆ. ಗವಿಮಠದ ಬಂಡೆಯು ಇನ್ನೂ ಸಾವಿರ ವರ್ಷ ಕಾಯಬಲ್ಲುದು. ಅದರ ಕೆಳಗಿನ ಊರಿನ ಮನೆಗಳಲ್ಲಿ ಅಟ್ಟದ ಮೇಲಿರುವ ಕಾಗದವು ಮುಂದಿನ ಮಳೆಗಾಲದವರೆಗೆ ಕಾಯುವುದೋ ಇಲ್ಲವೋ ಹೇಳಲಾಗದು. ಯಾವುದನ್ನು ಮೊದಲು ನೋಡಬೇಕೆಂಬುದನ್ನು ವಿದ್ವಾಂಸರು ಇದರಿಂದಲೇ ನಿಶ್ಚಯಿಸಿಕೊಳ್ಳಬಹುದು.